ಧನುರ್ಮಾಸದಲ್ಲಿ ಮಾಯವಾಗುವ ರಾಜಹಂಸ

ತಾಯಿ ಸತ್ಯಭಾಮಾ ಬಾಯಿ ಮುಚ್ಚಿ ಸಜ್ಜಿಗೆ ತಿಂದಿದ್ದರೆ ಹೆಣ್ಣು ನೋಡಲು ಹೋದ ಆ ಭಾನುವಾರ ಯಜ್ಞೇಶ್ವರನ ಮಾನ ಉಳಿಯುತ್ತಿತ್ತು. ಆದರೆ ವಾಶಿಯಲ್ಲಿ ಹೋಟೆಲೂ ಕೇಟರಿಂಗೂ ನಡೆಸುವ ವಸಂತಕುಮಾರ ರಾಯರು, ಅಂದರೆ ಹೆಣ್ಣಿನ ತಂದೆ, "ಹುಡುಗ ಪಿಎಚ್.ಡಿ. ಆದ ಮೇಲೂ ಮತ್ತೆಂತ ಓದುದು?" ಎಂದು ಕೇಳಿಬಿಟ್ಟರು.

"ಓದುದಲ್ಲ, ಪೋಸ್ಟ್‌ಡಾಕ್. ಸಂಬಳ ಉಂಟು," ಎಂದರು ಸತ್ಯಭಾಮಾ. "ಉಪಗ್ರಹದ ಫೋಟೊ ನೋಡಿ ರಾಜಹಂಸ, ಅದೇ ಗುಲಾಬಿ ಫ್ಲೆಮಿಂಗೊ, ಎಣಿಸ್ತಾನೆ. ಠಾಣೆ ಖಾಡಿಯ ಹಿನ್ನೀರಿನಲ್ಲಿ ಯಾರಿಗೂ ಗೊತ್ತಿಲ್ಲದ ಒಂದು ಹಿಂಡು ಇವನೇ ಕಂಡುಹಿಡಿದದ್ದು."

ಯಜ್ಞೇಶ್ವರ ತಲೆ ತಗ್ಗಿಸಿದ. ಡೊಂಬಿವಲಿಯ ಅವನ ಕಟ್ಟಡದಲ್ಲಿ ಓರಗೆಯವರ ಮಕ್ಕಳು ಟ್ಯೂಷನ್ನಿಗೆ ಹೋಗುತ್ತಿದ್ದರು; ಅವನು ಮಾತ್ರ ಇನ್ನೂ 'ಸ್ಟೂಡೆಂಟ್'. ಎಷ್ಟೋ ಮನೆಗಳ ಸಜ್ಜಿಗೆ ತಿಂದು ಬರಿಗೈಯಲ್ಲಿ ಮರಳಿದ್ದ. ಈ ಸಲ ಮಾತ್ರ ರಾಯರ ಮಗಳು ಶ್ರೀವಾಣಿ ಅವನಿಗೆ ನಿಜಕ್ಕೂ ಹಿಡಿಸಿದ್ದಳು, ಯಾಕೆಂದರೆ ಸಂಬಳ ಬಿಟ್ಟು ಕೆಲಸದ ಬಗ್ಗೆ ಕೇಳಿದ ಮೊದಲ ಹುಡುಗಿ ಅವಳು.

"ಆ ಹಕ್ಕಿಗಳು ವರ್ಷ ಪೂರ್ತಿ ಇರ್ತಾವಾ?"

"ನವೆಂಬರಿಂದ ಮೇ ತನಕ. ಆದ್ರೆ ಈ ಹಿಂಡು ಮಾತ್ರ ಡಿಸೆಂಬರ್ ಮಧ್ಯದಿಂದ ಒಂದು ತಿಂಗಳು ಮಾಯ. ಬೇರೆ ಯಾವ ಹಿಂಡೂ ಹಾಗೆ ಮಾಡುದಿಲ್ಲ. ಅದರ ಮೇಲೆಯೇ ನನ್ನ ಪೇಪರು."

"ನೀವು ಹೋಗಿ ದೇಖಾ ಹೈ ಕ್ಯಾ?"

ಹೋಗಿರಲಿಲ್ಲ. ಎ.ಸಿ. ಕೋಣೆಯಲ್ಲಿ ಕಂಪ್ಯೂಟರು ಗುಲಾಬಿ ಚುಕ್ಕೆ ಎಣಿಸಿಕೊಡುತ್ತಿತ್ತು. ಕೆಸರು ತುಳಿಯುವ ಗೋಜಿಗೆ ಯಾರು ಹೋಗುತ್ತಾರೆ? ಆದರೆ ಅವಳ ಕಣ್ಣಲ್ಲಿ ಸಣ್ಣವನಾಗಲು ಮನಸ್ಸಾಗದೆ, "ನೋಡದೆ ಮತ್ತೆ?" ಎಂದುಬಿಟ್ಟ.

"ಹಾಗಾದ್ರೆ ಈಗ್ಲೇ ಹೋಗುವ," ಎಂದು ಎದ್ದರು ಹರಿಣಾಕ್ಷಿ. ಅವರು ಡೊಂಬಿವಲಿಯಲ್ಲಿ ಎದುರು ಫ್ಲ್ಯಾಟಿನವರು, ಈ ಸಂಬಂಧ ತಂದವರೂ ಅವರೇ. "ಎಂತಿದ್ರೂ ಇವತ್ತು ಪುರುಸೊತ್ತುಂಟಲ್ಲ."

ರಾಯರು ಕಾರು ತೆಗೆದರು. ಐರೋಲಿ ದಾಟಿದ ಮೇಲೆ ಯಜ್ಞೇಶ್ವರನ ಮೊಬೈಲು ತೋರಿಸಿದ ದಾರಿ ಮೊದಲು ಕಸದ ಲಾರಿಗಳ ಅಂಗಳಕ್ಕೂ ಆಮೇಲೆ ಯಾವುದೋ ಸೊಸೈಟಿಯ ಗೇಟಿಗೂ ಮುಟ್ಟಿಸಿತು. "ನೋಡಿದ ಜಾಗಕ್ಕೆ ದಾರಿ ಹುಡುಕುದೆಂತ ಮಾರಾಯ್ರೆ?" ಎಂದರು ರಾಯರು. ಅವನ ಕಿವಿ ಬಿಸಿಯಾಯಿತು. ಕಾರು ಇಳಿದು ನಡೆಯತೊಡಗಿದ ಮೇಲೆ ಮೊದಲು ಜಾರಿದವನೂ ಅವನೇ. ಮೊಣಕಾಲವರೆಗೆ ಹೂತವನನ್ನು ಶ್ರೀವಾಣಿಯೇ ಕೈಹಿಡಿದು ಎಳೆದಳು. ಕೈಹಿಡಿಯುವುದು ಹೀಗೆ ಆಗಬೇಕಿರಲಿಲ್ಲ ಎಂದು ಅವನಿಗೆ ಅಳು ಬಂತು.

ಕಾಂಡ್ಲಾ ಗಿಡಗಳ, ಅಂದರೆ ಮ್ಯಾಂಗ್ರೋವ್ ಪೊದೆಗಳ, ಆಚೆ ಬಯಲು ತೆರೆದುಕೊಂಡಿತು. ಅಲ್ಲಿ ಹಿಂಡು ಇತ್ತು, ಗುಲಾಬಿಯೂ ಆಗಿತ್ತು. ಕಡಿದ ಗಿಡಗಳ ಬೊಡ್ಡೆಗಳ ನಡುವೆ ಬಿದಿರಿನ ಕಂಬಗಳಿಗೆ ಹಗ್ಗ ಕಟ್ಟಿ, ಸಾಲಾಗಿ, ಮದುವೆ ಚಪ್ಪರದ ಬಟ್ಟೆ ಒಣಹಾಕಿದ್ದರು.

ಹರಿಣಾಕ್ಷಿಗೆ ಮೊದಲು ಹೊಳೆಯಿತು. "ಡಿಸೆಂಬರಿನಲ್ಲಿ ಮಾಯ ಅಂದ್ಯಲ್ಲ ಯಜ್ಞೇಶ, ಅದು ಧನುರ್ಮಾಸ ಮಾರಾಯ. ನಮ್ಮವರು ಆಗ ಮದುವೆ ಇಟ್ಟುಕೊಳ್ತಾರಾ? ಮಳೆಗಾಲದಲ್ಲಿಯೂ ಹಾಗೆಯೇ. ಮುಹೂರ್ತ ಇಲ್ಲ, ಚಪ್ಪರ ಇಲ್ಲ, ನಿನ್ನ ಹಕ್ಕಿಯೂ ಇಲ್ಲ." ಅವರು ನಕ್ಕು ನಕ್ಕು ದಂಡೆಯ ಮೇಲೆಯೇ ಕುಳಿತುಬಿಟ್ಟರು. ಸತ್ಯಭಾಮಾ ಸೆರಗಿನಿಂದ ಮುಖ ಮುಚ್ಚಿಕೊಂಡರು.

ಪಂಚಾಂಗ ತೆರೆದರೆ ತಿಳಿಯುತ್ತಿದ್ದುದನ್ನು ಯಜ್ಞೇಶ್ವರ ಉಪಗ್ರಹ ಬಳಸಿ ಕಂಡುಹಿಡಿದಿದ್ದ. ಆ ಪೇಪರು ಓದಿ ಚಪ್ಪಾಳೆ ತಟ್ಟಿಸಿಕೊಂಡದ್ದು ನೆನಪಾಗಿ, ಕೆಸರು ತನ್ನನ್ನು ಮೊಣಕಾಲಿಗೇ ಯಾಕೆ ಬಿಟ್ಟಿತೋ ಅನ್ನಿಸಿತು.

"ಆಪ್ ಕಭೀ ಆಯೇ ಹೀ ನಹೀ ಇಧರ್, ಬಂದೇ ಇಲ್ಲ ಅಲ್ವಾ?" ಶ್ರೀವಾಣಿ ಮೆಲ್ಲನೆ ಕೇಳಿದಳು.

"ಇಲ್ಲ," ಎಂದ. ನಾಚಿಕೆಯಿಂದ ಸತ್ತಂತಾಗಿದ್ದರೂ ಆ ಒಂದು ಮಾತಿನಿಂದ ಉಸಿರಾಡಿದ ಹಾಗಾಯಿತು. ಇನ್ನು ಅರ್ಧ ನಿಜ ಬೇಡವೆಂದು ಅಲ್ಲಿಂದಲೇ ಪ್ರೊಫೆಸರಿಗೆ ಫೋನು ಮಾಡಿದ. ಅವು ಹಕ್ಕಿಗಳಲ್ಲ, ಬಟ್ಟೆ. ಅದನ್ನು ಒಣಗಿಸಲು ಯಾರೋ ಕಾನೂನು ಮೀರಿ ಕಾಂಡ್ಲಾ ಗಿಡ ಕಡಿದು ಬಯಲು ಮಾಡಿದ್ದಾರೆ ಎಂದೆಲ್ಲ ಒಪ್ಪಿಸಿದ. ಪ್ರೊಫೆಸರು, ಪೇಪರು ಹಿಂದಕ್ಕೆ ತೆಗೆಯೋಣ, ನಿನ್ನ ಕೆಲಸದ ವಿಷಯ ಸೋಮವಾರ ನೋಡೋಣ, ಅರಣ್ಯ ಇಲಾಖೆಗೆ ಈಗಲೇ ಹೇಳುತ್ತೇನೆ, ಅವರು ಬರುವ ತನಕ ಕದಲಬೇಡ ಎಂದರು.

ಶ್ರೀವಾಣಿ ಅವನನ್ನು ನೋಡಿ ನಕ್ಕಳು, ಗೇಲಿಯ ನಗುವಲ್ಲ. ಕೆಲಸ ಹೋದರೂ ಹೋಗಲಿ ಅನ್ನಿಸಿತು ಅವನಿಗೆ. ಅಷ್ಟರಲ್ಲಿ ರಾಯರು ಅವನ ಭುಜ ಹಿಡಿದು ಪಕ್ಕಕ್ಕೆ ಕರೆದರು.

"ಎಲ್ಲರೂ ನಕ್ಕರು. ನಾನು ನಗಲಿಲ್ಲ, ನೋಡಿದ್ರಾ?"

"ನಿಮ್ಮದು ದೊಡ್ಡ ಮನಸ್ಸು."

"ಮನಸ್ಸಿನ ವಿಷಯ ಅಲ್ಲ. ಬಟ್ಟೆ ನಂದು. ಮದುವೆಗೆ ಊಟದ ಜೊತೆ ಚಪ್ಪರವೂ ನಮ್ಮದೇ." ರಾಯರು ಮಡಚಿ ಹಿಡಿದಿದ್ದ ಬಟ್ಟೆಯ ತುದಿ ಬಿಡಿಸಿ ತೋರಿಸಿದರು, ಅದರಲ್ಲಿ ಅವರ ಕೇಟರಿಂಗಿನ ಹೆಸರು ಹೊಲಿದಿತ್ತು. "ಧೋಬಿಗೆ ಕೊಡ್ತೇನೆ, ಎಲ್ಲಿ ಒಣಗಿಸ್ತಾನೆ ಅಂತ ಒಂದು ದಿನ ಕೇಳಿದವನಲ್ಲ. ನೀವು ಹಕ್ಕಿ ನೋಡಿದ ಹಾಗೆಯೇ. ಇವು ಹಕ್ಕಿಗಳೇ ಆಗಿರ್ಲಿ, ನಿಮ್ಮ ಕೆಲಸವೂ ಉಳೀತದೆ, ನನ್ನ ಧಂದೆಯೂ ಉಳೀತದೆ, ಮಗಳನ್ನೂ ಕೊಡ್ತೇನೆ ಅಂತ ಹೇಳ್ಲಿಕ್ಕೆ ಬರ್ತಾ ಇದ್ದೆ. ಅಷ್ಟರಲ್ಲಿ ನೀವು ಫೋನಿಗೆ ಕೈ ಹಾಕಿದ್ರಿ."

ರಾಯರು ಮಗಳನ್ನು ಕರೆದುಕೊಂಡು ಕಾರಿನತ್ತ ನಡೆದೇಬಿಟ್ಟರು.

"ಅಪ್ಪಾ, ಅವ್ರು ಸಚ್ ಹೇಳಿದ್ರಲ್ಲ," ಎಂದಳು ಶ್ರೀವಾಣಿ.

"ಅದಕ್ಕೇ ನಿನ್ನನ್ನು ಕೊಡುದಿಲ್ಲ."

ಕಾರು ಹೋದ ಮೇಲೆ ಅರಣ್ಯ ಇಲಾಖೆಯ ಜೀಪು ಬಂತು. ಗಾರ್ಡು ಸುತ್ತ ನೋಡಿದ. ಬಟ್ಟೆಗಳ ನಡುವೆ ಮೊಣಕಾಲವರೆಗೆ ಕೆಸರು ಮೆತ್ತಿಕೊಂಡು ನಿಂತವನು ಒಬ್ಬನೇ.

"ಯೇ ಕಪಡಾ ಕಿಸ್‌ಕಾ ಹೈ?"

ಬಟ್ಟೆಯ ಯಜಮಾನ ರಾಯರ ಹೆಸರು ಯಜ್ಞೇಶ್ವರನ ನಾಲಿಗೆಯ ತುದಿಗೆ ಬಂತು. ಅದರ ಹಿಂದೆಯೇ ಶ್ರೀವಾಣಿಯ ಮುಖವೂ ಬಂತು. ಅವನು ತಲೆ ತಗ್ಗಿಸಿ, "ಮೇರಾ ಹೈ" ಎಂದು ತನ್ನದೆಂದೇ ಒಪ್ಪಿಕೊಂಡ. ಗಾರ್ಡು ಅವನನ್ನು ಜೀಪು ಹತ್ತಿಸಿದ. ಇದ್ದುದನ್ನು ಇದ್ದ ಹಾಗೆ ಹೇಳಲು ಒಬ್ಬರಾದರೂ ಬೇಕಲ್ಲವೇ ಎಂದು, ರಾಯರ ಮಾತನ್ನೆಲ್ಲ ದಂಡೆಯಿಂದಲೇ ಕೇಳಿಸಿಕೊಂಡಿದ್ದ ಹರಿಣಾಕ್ಷಿ ಆಗಲೇ ಮುಂದಿನ ಸೀಟು ಹಿಡಿದಿದ್ದರು.