ದೇವಿ ಇಳಿದ ಮ್ಯಾಲಿನ ಪಥ್ಯ

ದೇವರು ಮೈಮ್ಯಾಲೆ ಬರೂ ಮನಿಗೆ ಸೊಸಿಯಾಗಿ ಹೋದವರಿಗೆ ನಗೂದು ಯಾವುದು, ಅಳೂದು ಯಾವುದು ಅಂತ ಬ್ಯಾರೆ ಮಾಡಾಕ ಪುರಸೊತ್ತು ಸಿಗೂದಿಲ್ಲ. ಎರಡೂ ಒಂದಽ ಬಾಗಲದಿಂದ ಒಳಗ ಬರತಾವು. ನಾ ರಬಕವಿಗೆ ಗಂಡನ ಮನಿಗೆ ನಡಿಯಾಕ ಬಂದಾಗ ರಾಜರ ಆಳ್ವಿಕಿ ಮುಗದು ಮುಂಬೈ ಸರಕಾರ ಬಂದಿತ್ತು. ಮಂಗಳವಾರ, ಶುಕ್ರವಾರ ನಮ್ಮತ್ತಿ ಮೈಮ್ಯಾಲೆ ದೇವಿ ಬರತಿದ್ಲು. ಜಮಖಂಡಿ, ಮುಧೋಳ, ಬೀಳಗಿ ಕಡಿಂದ ಮಂದಿ ಬ್ಯಾನಿ ಹೊತ್ತಕೊಂಡು ಬರತಿತ್ತು.

ಮೈಮ್ಯಾಲೆ ದೇವಿ ಇದ್ದಾಗ ಆಡಿದ ಮಾತು ಅತ್ತಿಗೆ ಆಮ್ಯಾಲೆ ಒಂದೂ ನೆನಪಿರತಿದ್ದಿಲ್ಲ. ಹಿಂಗಾಗಿ ದೇವಿ ಹೇಳಿದ್ದನ್ನ ಹಿಡಕೊಂಡು ಮಂದಿಗೆ ಬಿಡಿಸಿ ಹೇಳೂ ಕೆಲಸ ನನ್ನ ಕೊರಳಿಗೆ ಬಿದ್ದಿತ್ತು. ಮನಿ ಮುಟ್ಟೂತನಕ ಹಿಂದಕ್ಕ ಹೊಳ್ಳಿ ನೋಡಬ್ಯಾಡ್ರಿ, ಯಾರ ಕೂಡನೂ ಮಾತಾಡಬ್ಯಾಡ್ರಿ. ಅಮಾಸಿ ತನಕ ಉಪ್ಪು ಬ್ಯಾಡ, ದಣಿಯೂದು ಬ್ಯಾಡ, ಸತ್ತ ಮನಿ ಹೊಚ್ಚಲ ತುಳಿಯೂದು ಬ್ಯಾಡ. ಬ್ಯಾನಿ ತಗಿಯಾಕಿ ದೇವಿ, ಪಥ್ಯ ಹೇಳಾಕಿ ನಾನು.

ಎಲ್ಲಾರೂ ಪಥ್ಯ ಕಟ್ಟಿಕೊಂಡು ಹೋದ ಮ್ಯಾಲೆ ಅತ್ತಿ ಜಗಲಿ ಮುಂದ ಅಂಗಾತ ಬಿದ್ದಿರತಿದ್ಲು. ಮೈ ಕೆಂಡ ಆಗಿರತಿತ್ತು. ಕೆಮ್ಮು ಬ್ಯಾರೆ ಹತ್ತಿತ್ತು. ಕಾಲು ಒತ್ತಕೋತ, "ಅತ್ತೀ, ನಿಮಗೇನ ಪಥ್ಯರಿ?" ಅಂತ ಕೇಳಿದ್ರ, "ನನಗ್ಯಾತರ ಪಥ್ಯ? ನಾ ಏನ್ ರೋಗಿ ಏನ? ಏಳು, ರೊಟ್ಟಿ ಬಡಿ" ಅನ್ನಾಕಿ. ನನಗ ಅದೊಂದಽ ಚಿಂತಿ. ಊರ ಮಂದಿಗೆಲ್ಲಾ ಪಥ್ಯ ಐತಿ, ಈಕಿಗೆ ಯಾರ ಹೇಳಬೇಕು?

ಟಾಂಗಾದವನ ಭಕ್ತಿ

ತೇರದಾಳದ ಒಬ್ಬ ಕಿರಾಣಿ ಅಂಗಡಿ ಯಜಮಾನ ಬಂದಿದ್ದ. ಪ್ರಾಯಕ್ಕ ಬಂದ ಮಗಾ ಸತ್ತಾಗಿಂದ ಆತನ ಕಣ್ಣಿಗೆ ನಿದ್ದಿ ಇರಲಿಲ್ಲ. ದೇವಿ ಬೇವಿನ ತಪ್ಪಲಾ ಇಳಿಸಿ ಒಗದ್ಲು. ಹಿಂದಕ್ಕ ನೋಡಬ್ಯಾಡ್ರಿ, ಮಾತಾಡಬ್ಯಾಡ್ರಿ ಅಂತ ನಾ ಪಥ್ಯ ಹೇಳಿದೆ.

ಹೊರಗ ಟಾಂಗಾ ನಿಂತಿತ್ತು. ಮುಂದ ಟಾಂಗಾದವನ ಬಾಜೂಕ ಒಬ್ಬ ದಡೂತಿ ಮನಿಷ್ಯಾ ಕುಂತುಬಿಟ್ಟಿದ್ದ. ಖಾಲಿ ಇದ್ದದ್ದು ಹಿಂದಿನ ಜಾಗಾ. ಟಾಂಗಾದಾಗ ಹಿಂದ ಕುಂತವರ ಮಾರಿ ಹಿಂದಕ್ಕಽ ಇರತೈತಿ, ಬಂದ ದಾರಿ ನೋಡಕೋತ ಹೋಗಬೇಕು! ಯಜಮಾನ ಗಾಬರಿ ಆಗಿ ನನ್ನ ಮಾರಿ ನೋಡಿದ. ಕೇಳಬೇಕಂದ್ರ ಬಾಯಿ ಬಿಡೂ ಹಂಗಿಲ್ಲ. ನಾನಽ ಓಡಿ ಹೋಗಿ, "ಟಾವೆಲ್ ಮಾರಿ ಮ್ಯಾಲೆ ಹಾಕ್ಕೊಂಡು ಕುಂದರ್ರಿ ಕಾಕಾ" ಅಂದೆ.

ಹೊತ್ತು ಮುಣಗೂ ಮುಂದ ನೋಡಿದ್ರ ಟಾಂಗಾ ಮತ್ತ ನಮ್ಮ ಬಾಗಲಾಗ! ಹಿಂದ ಯಜಮಾನ ಹಂಗಽ ಕುಂತಾನ, ಮಾರಿ ಮ್ಯಾಲೆ ಟಾವೆಲ್ ಐತಿ, ಒಳಗಿಂದ ಗೊರಕಿ ಕೇಳತೈತಿ.

"ಏನ ಅಣ್ಣಾ, ತೇರದಾಳದಾಗ ಇವರನ್ನ ಇಳಸಲಿಲ್ಲೇನ?" ಅಂತ ಟಾಂಗಾದವನ್ನ ಕೇಳಿದೆ.

"ಎಬ್ಬಿಸಿದ್ರ ದಡಕ್ಕನ ಎದ್ದು ಮಾತಾಡಿಬಿಟ್ಟಾರು, ಪಥ್ಯ ಮುರದೀತು ಅಂತ ಎಬ್ಬಿಸಲಿಲ್ರಿ ಅಕ್ಕಾರ. ದೇವಿ ಮಾಲು, ದೇವಿ ಮನಿಗೇ ತಂದು ಮುಟ್ಟಿಸೇನಿ."

ಹವಾಲ್ದಾರನ ಆರಾಮ

ಮುಂಬೈ ಸರಕಾರ ದಾರೂಬಂದಿ ಮಾಡಿತ್ತು. ಸರಕಾರದ ಈ ಹುಕುಂ ನಮ್ಮ ದೇವಿಗೆ ಮುಟ್ಟಿರಲಿಲ್ಲ.

ಮುಧೋಳ ಕಡೆ ಒಬ್ಬ ಪೊಲೀಸ್ ಹವಾಲ್ದಾರ ಹೆಂಡತೀನ ಕರಕೊಂಡು ಬಂದ. ಹಡದ ಕೂಸು ಕೈಯಾಗಽ ಹೋಗಿತ್ತಂತ. ಅವತ್ತಿನಿಂದ ಆ ಹೆಣ್ಣುಮಗಳು ಉಣ್ಣಂಗಿಲ್ಲ, ಅಳಂಗಿಲ್ಲ, ಬರೇ ಗ್ವಾಡಿ ನೋಡಕೋತ ಕುಂದರತಿದ್ಲು. ನನ್ನ ವಾರಿಗಿ ಹುಡುಗಿ. ಅಕಿ ಕೈ ಹಿಡಕೊಂಡ್ರ ಥಣ್ಣಗ ಇತ್ತು. ದೇವಿ, "ಇಕಿ ಅಂಗಾಲಿಗೆ ಸೆರೆ ತಿಕ್ಕು" ಅಂದುಬಿಟ್ಲು!

ಪೊಲೀಸರ ಮುಂದಽ ದಾರೂ ಹೆಸರು ತಗದ್ರ ಏನ್ ಗತಿ? "ಕೊಬ್ಬರಿ ಎಣ್ಣಿ ತಿಕ್ಕಿದ್ರೂ ನಡದೀತ್ರಿ" ಅಂತ ಮೆಲ್ಲಕ ಅಂದೆ. ಹವಾಲ್ದಾರ ಎರಡೂ ಕೈ ಗಲ್ಲಕ್ಕ ಬಡಕೊಂಡು, "ಛೇ ಛೇ! ದೇವಿ ಮಾತು ತಿದ್ದಾಕ ನೀ ಯಾರವಾ? ಜಪ್ತಿ ಮಾಡಿದ್ದು ಚೌಕ್ಯಾಗ ಬೇಕಾದಷ್ಟು ಐತಿ" ಅಂದ.

ಅಮಾಸಿ ಕಳದ ಮ್ಯಾಲೆ ಒಬ್ಬನಽ ಬಂದ, ಮೀಸಿ ತೀಡಿಕೋತ. "ಹೆಂಗ ಅದಾರ್ರಿ ಅಕ್ಕಾರು?" ಅಂದೆ.

"ಅಕಿ ಹಂಗಽ ಅದಾಳ ತಂಗಿ. ನನಗ ಮಾತ್ರ ಭಾಳ ಆರಾಮ ಆಗೇತಿ."

ಯಾರ ಮನಿ?

ಬೀಳಗಿ ಕಡಿಂದ ಒಬ್ಬಾಕಿ ಹೊಸಾ ಸೊಸೀನ ಅಕಿ ಅತ್ತಿ ದರದರ ಎಳಕೊಂಡು ಬಂದಿದ್ಲು. "ಇದಕ್ಕ ದೆವ್ವ ಬಡದೈತ್ರಿ, ಎದಿರಿಗೆ ಎದಿರು ಮಾತಾಡತೈತಿ." ಹುಡುಗಿ ಮುಂಗೈ ಮ್ಯಾಲೆ ಸುಟ್ಟ ಬರಿ ಇತ್ತು. ಅದು ದೆವ್ವ ಎಳದ ಬರಿ ಅಲ್ಲ ಅಂತ ನನಗ ತಿಳೀತು. ಆದ್ರ ನಾನೂ ಒಬ್ಬ ಸೊಸಿ, ಏನಂತ ಬಾಯಿ ಹಾಕ್ಲಿ? ದೇವಿ ಬಂಡಾರ ಹಚ್ಚಿದ್ಲು. ನಾ, "ನಿನ್ನ ಮನಿ ಮುಟ್ಟೂತನಕ ಮಾತಾಡಬ್ಯಾಡವಾ" ಅಂತ ಎಂದಿನಂಗ ಹೇಳಿ ಕಳಿಸಿದೆ.

ಹಬ್ಬ ಕಳೀತು, ಸುಗ್ಗಿ ಬಂತು, ಹುಡುಗಿ ಒಂದು ಮಾತೂ ಆಡಲಿಲ್ಲಂತ. ಬೈದ್ರೂ ಇಲ್ಲ, ಬಡದ್ರೂ ಇಲ್ಲ. ಆ ಅತ್ತಿ ಮತ್ತ ಹಿಡಕೊಂಡು ಬಂದ್ಲು. ಗಂಡನೂ ಬೆನ್ನ ಹತ್ತಿ ಬಂದಿದ್ದ. ನಾ ಹುಡುಗೀನ ಹಿತ್ತಲಕ್ಕ ಕರಕೊಂಡು ಹೋಗಿ, "ಯಾಕವಾ, ಮನಿ ಮುಟ್ಟಿದ ಮ್ಯಾಲೆ ಮಾತಾಡಬಹುದಿತ್ತಲ್ಲ?" ಅಂದೆ. ಹುಡುಗಿ ತವರು ಇದ್ದ ದಿಕ್ಕಿಗೆ ಬಟ್ಟು ಮಾಡಿ, ನಾ ಇನ್ನಾ ಮುಟ್ಟಿಲ್ಲ ಅನ್ನೂ ಹಂಗ ತಲಿ ಅಲ್ಲಾಡಿಸಿದ್ಲು. ನನ್ನ ಕಣ್ಣಾಗ ಬುಳಬುಳ ನೀರು ಬಂತು.

ಹೊರಗ ಬಂದು, "ಪಥ್ಯ ಪೂರಾ ಆಗಬೇಕಂದ್ರ ಇಕೀನ ತವರಿಗೆ ಮುಟ್ಟಸ್ರಿ" ಅಂದೆ. ಹುಡುಗಿ ಅತ್ತಿ ಗೊಣಗಿಕೋತ ಬಂಡಿ ಕಡೆ ನಡದ್ಲು. ಗಂಡ ಹಿಂದ ಉಳದು, ಅತ್ಲಾಗ ಇತ್ಲಾಗ ನೋಡಿ, ನನ್ನ ಕಿವ್ಯಾಗ ಕೇಳಿದ: "ಅಕ್ಕಾರ, ಈ ಮಾತಾಡಲಾರದ ಪಥ್ಯ ನಮ್ಮವ್ವಗೂ ಹೇಳಾಕ ಬರತೈತೇನ್ರಿ?"

ರೋಗಿ ಎಲ್ಲಿ?

ನಮ್ಮತ್ತಿ ಕೆಮ್ಮು ಏರಕೋತಽ ಹೋತು. ಒಂದಿನ ಅಕಿ ಬಾಯಿ ಒರಿಸಿಕೊಂಡ ಸೆರಗು ಒಗಿಯಾಕ ತಗೊಂಡ್ರ ರಗತ! ನಮ್ಮ ಮನಿಯವರು ಮಗ್ಗ ಬಿಟ್ಟು ಎದ್ದು ಬಂದು ತಾಯಿ ಕಾಲ ಹಿಡದ್ರು. "ಮಿರಜದ ದವಾಖಾನಿಗೆ ಹೋಗೂಣ ನಡಿಯವ್ವಾ."

"ದೇವಿ ಅಪ್ಪಣಿ ಇಲ್ಲದ ನಾ ಹೊಚ್ಚಲ ದಾಟೂದಿಲ್ಲ. ಸೂಜಿ ಚುಚ್ಚಿಸಿಕೊಂಡು ಬಂದ ಮೈಯಾಗ ಅಕಿ ಹೆಂಗ ಇಳದಾಳು?"

"ಹಂಗಾರ ದೇವೀನ್ನಽ ಕೇಳತೇನಿ ತಡೀರಿ" ಅಂದೆ ನಾ.

ಶುಕ್ರವಾರ ಪರಮಂದಿಯಂಗ ಕಾಯಿ, ಲಿಂಬಿಹಣ್ಣು ಹಿಡಕೊಂಡು ಸಾಲಿನಾಗ ನಿಂತೆ. ನನ್ನ ಪಾಳಿ ಬಂತು. ಅತ್ತಿ ಕೂದಲಾ ಬಿಟ್ಟಕೊಂಡು ತೂಗಾಕತ್ತಿದ್ಲು, ಕಣ್ಣು ಕೆಂಪಗ. ನಾ ಕೈ ಮುಗದೆ.

"ಏನ ಬ್ಯಾನಿ ನಿಂದು?" ಅಂದ್ಲು ದೇವಿ.

"ನಂದಲ್ಲ ತಾಯಿ, ನಮ್ಮತ್ತೀದು. ಕೆಮ್ಮಿದ್ರ ರಗತ ಬೀಳತೈತಿ. ಮಿರಜಕ್ಕ ಕರಕೊಂಡು ಹೋಗಾಕ ಅಪ್ಪಣಿ ಕೊಡು."

"ಎಲ್ಲಿ ಅದಾಳ ನಿಮ್ಮತ್ತಿ?"

"ಇಲ್ಲೇ ಅದಾಳ ತಾಯಿ" ಅಂದೆ.

"ಇಲ್ಲೇ ಇದ್ರ ಮುಂದ ಯಾಕ ಬರವಲ್ಲಳು? ಸೊಕ್ಕು ಬಂದೈತೇನ ಅಕಿಗೆ? ರೋಗಿ ಬರದಽ ನಾ ಏನೂ ಹೇಳೂದಿಲ್ಲ. ಹೋಗು, ಕರಕೊಂಡು ಬಾ!"

ಸಾಲಿನಾಗಿದ್ದ ಮಂದಿ ಬಾಯಿಗೆ ಸೆರಗು ಹಿಡಕೊಂಡು ನಕ್ಕರು. ನನಗ ಅಳು ತಡಿಯಾಕ ಆಗಲಿಲ್ಲ. ಎಲ್ಲಿಂದ ಕರಕೊಂಡು ಬರಲಿ?

ದೇವಿ ಇಳದ್ಲು. ಅತ್ತಿ ನೆಲಕ್ಕ ಬಿದ್ದಾಕಿ ಕಣ್ಣು ತಗದು, "ಏನಂದ್ಲು?" ಅಂತ ಕೇಳಿದ್ಲು.

"ನಾಳೆ ಮುಂಜಾನೇನಽ ಮಿರಜಕ್ಕ ಹೋಗ್ರಿ ಅಂದ್ಲು" ಅಂತ ಸುಳ್ಳು ಹೇಳಿದೆ.

"ಖರೆ? ಮತ್ತೇನಂದ್ಲು?"

ಸುಳ್ಳು ಗಟ್ಟಿ ಆಗಲಿ ಅಂತ ಇನ್ನೊಂದು ಸೇರಿಸಿದೆ. "ನಿನ್ನ ಸೊಸಿ ಬಂಗಾರದಂಥಾಕಿ ಅಂದ್ಲುರಿ."

ಅತ್ತಿ ಬಿಟ್ಟ ಕೂದಲಾ ತುರುಬು ಕಟ್ಟಿಕೊಂಡ್ಲು. "ಹಂಗಂದ್ಲಾ? ಹಂಗಾರ ದೇವಿಗೂ ಆರಾಮಿಲ್ಲ ಬಿಡು. ಗಂಟು ಕಟ್ಟು, ನಾನೂ ಅಕೀನೂ ಇಬ್ಬರೂ ಕೂಡಿ ತೋರಿಸ್ಕೊಂಡು ಬರತೀವಿ."

ಕುಡಚಿ ತನಕ ಮೋಟರು, ಅಲ್ಲಿಂದ ರೈಲು. ಡಾಕ್ಟರು ಎದಿ ನೋಡಿ, ನಮ್ಮ ಮನಿಯವರನ್ನ ಬಾಜೂಕ ಕರದು, ಭಾಳ ತಡಾ ಮಾಡೀರಿ ಅಂದ್ರು. ಅಲ್ಲಿಂದ ಅತ್ತಿ ಹೊಳ್ಳಿ ಬರಲಿಲ್ಲ.

ಕಡೀಕ ಕಡೀಕ ಒಂದು ಮಧ್ಯಾಹ್ನ, ದವಾಖಾನಿ ಹಾಸಿಗ್ಯಾಗ ಎಲುವಿನ ಹಂದರ ಆಗಿ ಬಿದ್ದಾಕಿ ನನ್ನ ಕೈ ಹಿಡದು, "ಸುಳ್ಳು ಬ್ಯಾಡ, ಖರೆ ಹೇಳ. ಅವತ್ತ ದೇವಿ ಏನಂದಿದ್ಲು?" ಅಂದ್ಲು. ಆ ಮಾರಿ ನೋಡಿ ನನಗ ಮತ್ತ ಸುಳ್ಳು ಹೇಳಾಕ ಬಾಯಿ ಬರಲಿಲ್ಲ.

"ನಿಮ್ಮತ್ತೀನ ನನ್ನ ಮುಂದ ಕರಕೊಂಡು ಬಾ, ಆಮ್ಯಾಲೆ ಪಥ್ಯ ಹೇಳತೇನಿ ಅಂದಿದ್ಲುರಿ."

ಅತ್ತಿಗೆ ಎಲ್ಲಿಂದ ಬಲಾ ಬಂತೋ, ದಿಗ್ಗನ ಎದ್ದು ಕುಂತ್ಲು. ಆಚೆ ಈಚೆ ಮಂಚದವರೆಲ್ಲಾ ನಮ್ಮ ಕಡೆ ಹೊಳ್ಳಿ ನೋಡಿದ್ರು.

"ಅಯ್ಯ ನಿನ್ನ, ಹುಚ್ಚ ಹುಡುಗಿ! ಅಷ್ಟು ಬಾಯಿಬಿಟ್ಟು ದೇವಿ ಕರದ್ರ ನನಗೊಂದು ಮಾತು ಒದರಬಾರದಿತ್ತೇನ? ನಾ ಮನ್ಯಾಗಽ ಇದ್ನಲ್ಲ!"