ಬದುಕಿದ್ದೇನೆಂದು ಬ್ಯಾಂಕಿಗೆ ತಿಳಿಸಿದ್ದು

೧. ದಾರಿ

ಮಾಣಿಕನಗರದ ಗಲ್ಲಿಯಲ್ಲಿ ಮತ್ತೆ ಅದೇ ಬಳೆ ಅಂಗಡಿ ಎದುರಾದಾಗ ಸೋತು, ಅಂಗಡಿಯಾಕೆಯನ್ನೇ ಕೇಳಿದೆ: "ತಂಗಿ, ಪಿಂಚಣಿಯವರಿಗೆ ಜೀವಂತ ಪ್ರಮಾಣಪತ್ರ ಮಾಡಿಕೊಡೋ ಸೆಂಟರ್ ಎಲ್ಲಿ ಅದವ್ವ?"

ಸೇನೆಯ ಆಸ್ಪತ್ರೆಗಳಲ್ಲಿ ನರ್ಸ್ ಆಗಿ ದೇಶವೆಲ್ಲ ತಿರುಗಿದವಳು, ದಾರಿ ತಪ್ಪುವುದು ಈ ಹುಮನಾಬಾದಿನಲ್ಲಿ ಮಾತ್ರ. ನಿವೃತ್ತಿಯಾದ ಮೇಲೆ ನನಗೆ ಇಂಥ ಫಜೀತಿಗಳಿಂದ ಬಿಡುವೇ ಇಲ್ಲ. ಈ ಸಲ ಊರೂರು ಸುತ್ತುತ್ತ, ಬದುಕಿದ್ದೇನೆಂದು ಬ್ಯಾಂಕಿಗೆ ವರ್ಷಕ್ಕೊಮ್ಮೆ ಪ್ರಮಾಣಪತ್ರ ಕೊಡುವುದನ್ನು ಮರೆತೆ, ಪಿಂಚಣಿ ನಿಂತೇಹೋಯಿತು. ರೈಲಿನ ಟಿಕೀಟಿರಲಿ, ಎಣ್ಣೆ ಬೇಳೆಗೂ ಕೈ ಬರಿದು.

"ಯಾರ ಸಲುವಾಗ್ರಿ?"

"ನನಗೇ."

"ನೀವು ಜೀವಂತ ಕಾಣಾಕತ್ತೀರಲ್ರಿ ಅಕ್ಕೋರ!"

"ನಿನಗ ಕಾಣಾಕತ್ತೇನಿ. ಬ್ಯಾಂಕಿಗೆ ಕಾಣವಲ್ದು."

೨. ಕಣ್ಣು

ಸೆಂಟರಿನವನು ಯಂತ್ರದ ಮೇಲೆ ನನ್ನ ಬೆರಳನ್ನೆಲ್ಲ ಒತ್ತಿಸಿದ. ಒಂದೂ ಹತ್ತಲಿಲ್ಲ. ವರ್ಷಗಟ್ಟಲೆ ಔಷಧಿ ನೀರಿನಲ್ಲಿ ತೊಳೆದ ಕೈ, ಗೆರೆಗಳೇ ಸವೆದಿವೆ.

"ಕಣ್ಣಿಂದ ತಗೋತೀನ್ರಿ. ರೆಪ್ಪಿ ಬಡೀಬ್ಯಾಡ್ರಿ."

ಸೋಮಾರಿ ರೋಗಿಗಳನ್ನು ಹಾಸಿಗೆಯಿಂದ ಎಬ್ಬಿಸುತ್ತಿದ್ದ ಹಳೆಯ ನೋಟವನ್ನು ಹೊರತೆಗೆದೆ. ಅವನು ಕುರ್ಚಿಯನ್ನೇ ಹಿಂದಕ್ಕೆ ಸರಿಸಿದ.

"ಮಷೀನ್ ಕಡಿ ನೋಡ್ರಿ ಅಕ್ಕೋರ, ನಾನೇನು ಮಾಡೀನ್ರಿ?"

೩. ಉದ್ರಿ

ಪ್ರಮಾಣಪತ್ರ ಬ್ಯಾಂಕಿಗೆ ಹೋಯಿತು, ಪಿಂಚಣಿ ಬರಲಿಲ್ಲ. ನನ್ನ ಖಾತೆಯಿರುವ ಬಸವಕಲ್ಯಾಣದ ಶಾಖೆಗೇ ಹೋದೆ. ಅಲ್ಲಿನ ಸಾಹೇಬರು ತಲೆ ಎತ್ತದೇ ಕೇಳಿದರು: "ಮಿಲಿಟರಿ ಪಿಂಚಣಿ ಏನ್ರಿ? ಯಜಮಾನರ ಮರಣಪತ್ರ ಕೊಡ್ರಿ."

"ಪಿಂಚಣಿ ನಂದ್ರಿ. ನೌಕರಿ ಮಾಡಿದಾಕಿ ನಾನು."

"ಅದು ಖರೇ. ಆದ್ರ ಯಜಮಾನರದು..."

"ನನಗ ಮದುವಿನೇ ಆಗಿಲ್ರಿ."

"ಇಲ್ಲಂದ್ರ ಹ್ಯಾಂಗ್ರಿ? ಮರಣಪತ್ರ ಇಲ್ದ ಫೈಲ್ ಮುಂದ ಹೋಗಂಗಿಲ್ಲ."

ನಾನು ಕುರ್ಚಿ ಎಳೆದುಕೊಂಡು ಅವರೆದುರೇ ಕೂತೆ.

"ಆಯ್ತ್ರಿ ಸಾಹೇಬ್ರ. ಮೊದಲ ಒಬ್ಬ ಗಂಡನ್ನ ಹುಡುಕಿ ಕೊಡ್ರಿ. ಮರಣದ ಜವಾಬ್ದಾರಿ ನಂದು."

ಸಾಲಿನಲ್ಲಿ ನಿಂತವರೆಲ್ಲ ಬಿದ್ದು ಬಿದ್ದು ನಕ್ಕರು. ಸಾಹೇಬರು ನಗಲಿಲ್ಲ, ಫೈಲು ಮಾತ್ರ ಆವತ್ತೇ ಮುಂದಕ್ಕೆ ಹೋಯಿತು.

ನಿಂತಿದ್ದ ಪಿಂಚಣಿಯೆಲ್ಲ ಒಟ್ಟಿಗೆ ಬಂದ ದಿನ ನೇರ ಕಿರಾಣಿ ಅಂಗಡಿಗೆ ನಡೆದೆ. ಅಷ್ಟು ತಿಂಗಳು ಮುಖ ಸಿಂಡರಿಸದೇ ಎಣ್ಣೆ ಬೇಳೆ ಉದ್ರಿ ಕೊಟ್ಟವರು ಅಂಗಡಿಯ ಶೇಠರು. ಉದ್ರಿಯ ಜೊತೆ ಉಪದೇಶವನ್ನೂ ಕೊಡುತ್ತಿದ್ದರು: "ಒಬ್ಬಾಕಿ ಹೆಣ್ಣುಮಗಳು, ಈ ವಯಸ್ಸಿನಾಗ ರೊಕ್ಕ ಬ್ಯಾಂಕಿನಾಗ ಇಟ್ಟು ಮನ್ಯಾಗ ಕುಂದರಬೇಕ್ರಿ."

ನೋಟುಗಳನ್ನು ಅವರ ತಕ್ಕಡಿಯ ಪಕ್ಕ ಇಟ್ಟೆ.

"ಇಷ್ಟು ಗಡಬಡಿ ಯಾಕ್ರಿ ಅಕ್ಕೋರ? ನೀವೇನು ಊರು ಬಿಟ್ಟು ಓಡಿ ಹೋಗ್ತೀರೇನು?"

"ಹೌದ್ರಿ. ನಾಳಿ ಗುವಾಹಟಿಗೆ ಹೊಂಟೀನಿ. ಲಗೂನ ಎಣಿಸ್ಕೊಳ್ರಿ."