ಕಡಲು ತೋರಿಸಲು ಹೊರಟು ಕಾರ್ಕಳ ಸೇರಿದ್ದು

ಅಳುವ ಮಕ್ಕಳನ್ನು ಸಂತೈಸುವುದು ಯಾವ ಮಹಾ ಕೆಲಸ ಎಂದುಕೊಂಡಿದ್ದೆ. ಎಂಬತ್ತರ ದಶಕದ ಆರಂಭ. ಕಾಪುವಿನ ಹತ್ತಿರ, ಮಕ್ಕಳು ಅಲ್ಲೇ ಉಳಿದು ಓದುವ ಒಂದು ಮದರಸದಲ್ಲಿ ನಾನು ಕನ್ನಡ ಮಾಸ್ಟ್ರು. ಹೊಸದಾಗಿ ಸೇರಿದ ನಾಲ್ವರು ಸಂಜೆಯಾದರೆ ಸಾಕು, ಉಮ್ಮ ಬೇಕೆಂದು ಅಳುತ್ತಿದ್ದರು.

“ಅಳಲಿ ಬಿಡಿ. ಸುಸ್ತಾದರೆ ತಾನಾಗಿ ನಿಲ್ಲುತ್ತದೆ,” ಎಂದರು ಮದರಸದ ಸೆಕ್ರೆಟರಿ.

ನನಗೆ ಮೈಯೆಲ್ಲ ಉರಿಯಿತು. “ತಾನಾಗಿ ನಿಲ್ಲಲಿಕ್ಕೆ ಅದೆಂತ ಮಳೆಯಾ?”

“ಹಾಗಾದರೆ ನೀವೇ ನಿಲ್ಲಿಸಿ ಮಾಸ್ಟ್ರೇ!”

ನಿಲ್ಲಿಸಲು ಹೊರಟೆ. ಎಲ್ಲರಿಗಿಂತ ಹೆಚ್ಚು ಅಳುವವನು ಕಾರ್ಕಳದ ಹಮೀದ್. “ಕಣ್ಣು ಮುಚ್ಚು. ಉಮ್ಮ ಪಕ್ಕದಲ್ಲೇ ಇದ್ದಾರೆಂದು ತಿಳಿದುಕೋ,” ಎಂದೆ. ಬಿಕ್ಕುತ್ತಿದ್ದವನು ಬೊಬ್ಬೆ ಹೊಡೆದ! ಉಳಿದ ಮೂವರೂ ದನಿಗೂಡಿಸಿದರು!

ಮರುದಿನ ಸಂಜೆ, ಕಡಲು ತೋರಿಸಿ ನಗಿಸಿಯೇ ತರುತ್ತೇನೆಂದು ಸೆಕ್ರೆಟರಿಗೆ ಸವಾಲು ಹಾಕಿ ನಾಲ್ವರನ್ನೂ ಹೊರಡಿಸಿದೆ. ಹೆದ್ದಾರಿಯಲ್ಲಿ ಕಾರ್ಕಳದ ಬಸ್ಸು ನಿಂತಿತ್ತು. ಹಮೀದ್ ನನ್ನ ಕೈ ಕೊಸರಿಕೊಂಡು ಹತ್ತಿಯೇಬಿಟ್ಟ. ಇಳಿಸಲೆಂದು ನಾನು ಹತ್ತಿದೆ. ಮಾಸ್ಟ್ರು ಹತ್ತಿದರೆಂದು ಉಳಿದವರೂ ಹತ್ತಿದರು. ಕಂಡಕ್ಟರ್ ವಿಸಿಲ್ ಊದಿದ!

ನನ್ನ ಕಿರುಚಾಟಕ್ಕೆ ಬೆಲೆ ಸಿಕ್ಕಿದ್ದು ಶಿರ್ವದಲ್ಲಿ. ಬಸ್ಸು ನಿಂತಿತು, ಹಮೀದ್ ಮಾತ್ರ ಸೀಟಿನ ಕಂಬಿ ಬಿಡಲಿಲ್ಲ. ಸಿಟ್ಟಿನಿಂದ ಎಳೆದೆ. ಹಿಂದೆ ಕುಳಿತಿದ್ದ ಹೆಂಗಸೊಬ್ಬರು ಎದ್ದು ನಿಂತರು.

“ಯಾರ ಮಕ್ಕಳು ಇವು? ಎಲ್ಲಿಂದ ಹೊತ್ತುಕೊಂಡು ಬಂದದ್ದು?”

“ನಾನು ಮಾಸ್ಟ್ರು!” ಎಂದು ಗರ್ಜಿಸಿದೆ. ಒಬ್ಬರೂ ನಂಬಲಿಲ್ಲ. ಮಕ್ಕಳನ್ನು ಹಮೀದನ ಮನೆಗೇ ಮುಟ್ಟಿಸಬೇಕೆಂದು ಇಡೀ ಬಸ್ಸು ತೀರ್ಪು ಕೊಟ್ಟಿತು.

ಕಾರ್ಕಳದ ಮನೆಬಾಗಿಲಲ್ಲಿ ಅವನ ಉಮ್ಮನನ್ನು ಕಂಡದ್ದೇ ಗುಡುಗಿದೆ: “ನಿಮ್ಮ ಮಗ ಓಡಿ ಬಂದಿದ್ದಾನೆ!”

“ಓಡಿ ಬಂದದ್ದು ಅವನಾ? ನಾಲ್ಕು ಮಕ್ಕಳನ್ನು ಕರ್ಕೊಂಡು ಬಂದದ್ದು ನೀವು ಅಲ್ವಾ?” ಆಕೆಯ ಸಿಟ್ಟಿನ ಮುಂದೆ ನನ್ನದು ಬೆಕ್ಕಿನ ಮರಿ. “ಅವನು ಇಷ್ಟರವರೆಗೆ ಅಜ್ಜಿಯ ಸೆರಗು ಹಿಡಿದೇ ಮಲಗಿದವನು. ಅಲ್ಲಿ ಅವನ ಹತ್ತಿರ ಯಾರು ಮಲಗುವುದು?”

ಯಾರೂ ಇಲ್ಲ. ರಾತ್ರಿ ಹೊಸಬರನ್ನು ಪ್ರತ್ಯೇಕ ಕೋಣೆಗೆ ಹಾಕಿ ಹೊರಗಿನಿಂದ ಚಿಲಕ ಎಳೆಯುತ್ತಿದ್ದೆವು. ಆಕೆ ಬಡಿಸಿದ ಅಕ್ಕಿರೊಟ್ಟಿ, ಕೋಳಿಸಾರು ತಿಂದೆ. ಕೊನೆಯ ಬಸ್ಸೂ ತಪ್ಪಿತು.

ಬೆಳಿಗ್ಗೆ ನಾಲ್ವರನ್ನೂ ಕರೆದುಕೊಂಡು ಮರಳಿದರೆ ಸೆಕ್ರೆಟರಿ ಕಡಲ ದಡದ ಮರಳಲ್ಲಿ ಕುಸಿದು ಕುಳಿತಿದ್ದರು. “ನಿಮ್ಮನ್ನು ಹುಡುಕಲಿಕ್ಕೆ ಕಡಲಿಗೆ ದೋಣಿ ಇಳಿಸಿದ್ದೇವೆ ಮಾರಾಯ್ರೇ!”

“ಮೊದಲು ಆ ಚಿಲಕ ಕಿತ್ತು ಹಾಕಿ!” ಎಂದು ನಾನೂ ಕೂಗಿದೆ.

ನಮ್ಮಿಬ್ಬರ ಜಗಳವನ್ನು ಮದರಸದ ಮುಖ್ಯ ಗುರುಗಳಾದ ದೊಡ್ಡ ಉಸ್ತಾದರು ಕೊನೆಯವರೆಗೂ ಕೇಳಿದರು. ಅಂದೇ ಚಿಲಕ ಹೋಯಿತು. ಪ್ರತಿಯೊಬ್ಬ ಹೊಸಬನ ಪಕ್ಕದಲ್ಲೂ ಹಳೆಯ ವಿದ್ಯಾರ್ಥಿಯೊಬ್ಬನ ಚಾಪೆ ಬಿತ್ತು. ಅಳು ನಿಂತಿತು.

ನನ್ನ ಹೋರಾಟ ಗೆದ್ದಿತೆಂದು ಎದೆಯುಬ್ಬಿಸಿ ಕೋಣೆಗೆ ಬಂದರೆ, ನನ್ನ ಹಾಸಿಗೆಯ ಪಕ್ಕದಲ್ಲೂ ಒಂದು ಚಾಪೆ!

“ಉಸ್ತಾದರು ಹೇಳಿದ್ದು ಮಾಸ್ಟ್ರೇ,” ಎಂದ ಅದರ ಮೇಲೆ ಕುಳಿತಿದ್ದ ದೊಡ್ಡ ಹುಡುಗ. “ನೀವು ಪುನಃ ಬಸ್ಸು ಹತ್ತದ ಹಾಗೆ ನೋಡಿಕೊಳ್ಳಲಿಕ್ಕೆ.”